ಬೆಣೆಯಿಲ್ಲದೆ ತುಂಬಿದ ಹಲ್ಲು

ಪಿರಿಯಾಪಟ್ಟಣದಲ್ಲಿ ಹೊಸದಾಗಿ ದಂತ ಚಿಕಿತ್ಸಾಲಯ ತೆರೆದಿರುವ ಹುಡುಗಿಯೊಬ್ಬಳು ಹೋದ ತಿಂಗಳು ಫೋನ್ ಮಾಡಿದ್ದಳು. ಹಲ್ಲಿನ ಸಂದಿ ತುಂಬುವುದಕ್ಕೆ ಯಾವ ಮ್ಯಾಟ್ರಿಕ್ಸ್ ತರಿಸಲಿ, ಕಂಪನಿಯವನು ನಾಲ್ಕು ಥರ ತೋರಿಸಿ ಹೋಗಿದ್ದಾನೆ ಎಂದು ಕೇಳಿದಳು. ನಾನು ಕುತ್ತಿಗೆಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದೆ. ಆಮೇಲೆ ಹೇಳುತ್ತೇನಮ್ಮ ಎಂದು ಫೋನ್ ಇಟ್ಟೆ. ಎರಡು ಮಾತಿನಲ್ಲಿ ಹೇಳಬಹುದಿತ್ತು. ಆದರೆ ಆ ಎರಡು ಮಾತು ಕಲಿಯುವುದಕ್ಕೆ ನನಗೆ ಎಷ್ಟು ಹಿಡಿಯಿತು, ಅದಕ್ಕೆ ಯಾರ ಹಲ್ಲು ಹೋಯಿತು ಎನ್ನುವುದನ್ನು ಹೇಳದೆ ಬರೀ ಮ್ಯಾಟ್ರಿಕ್ಸಿನ ಹೆಸರು ಹೇಳಿ ಏನು ಪ್ರಯೋಜನ ಅನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಬೆನ್ನು ಒಂದು ತಾಸಿಗಿಂತ ಹೆಚ್ಚು ಕೂರಲು ಬಿಡುವುದಿಲ್ಲ, ಹಾಗಾಗಿ ತುಂಡು ತುಂಡಾಗಿ ಬರೆದಿದ್ದೇನೆ.

ಓದುವವರೆಲ್ಲ ಹಲ್ಲಿನ ಡಾಕ್ಟರುಗಳಲ್ಲವಾದ್ದರಿಂದ ಮೊದಲು ಇದೇನೆಂದು ಹೇಳಿಬಿಡುತ್ತೇನೆ. ಎರಡು ದವಡೆ ಹಲ್ಲುಗಳು ಒಂದಕ್ಕೊಂದು ತಾಗುವ ಕಡೆ ಹುಳುಕಾದರೆ ಹಲ್ಲಿನ ಒಂದು ಗೋಡೆಯೇ ಹೋಗಿಬಿಡುತ್ತದೆ. ಗೋಡೆ ಇಲ್ಲದ ಕಡೆ ಏನು ತುಂಬಿದರೂ ಪಕ್ಕಕ್ಕೆ ಹರಿಯುತ್ತದೆ. ಮನೆಯ ತಾರಸಿ ಹಾಕುವಾಗ ಸೆಂಟ್ರಿಂಗ್ ಹಲಗೆ ಕೊಡುವುದಿಲ್ಲವೇ, ಹಾಗೆ ಹಲ್ಲಿನ ಸುತ್ತ ತೆಳ್ಳನೆಯ ಉಕ್ಕಿನ ಪಟ್ಟಿ ಸುತ್ತಿ, ಅದರೊಳಗೆ ತುಂಬಿ, ಗಟ್ಟಿಯಾದ ಮೇಲೆ ಪಟ್ಟಿ ತೆಗೆಯುತ್ತೇವೆ. ಅದೇ ಮ್ಯಾಟ್ರಿಕ್ಸ್. ಪಟ್ಟಿ ಒಸಡಿನ ಹತ್ತಿರ ಹಲ್ಲಿಗೆ ಅಂಟಿ ನಿಲ್ಲಬೇಕಲ್ಲ, ಅದಕ್ಕಾಗಿ ಎರಡು ಹಲ್ಲುಗಳ ನಡುವೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಮರದ ಬೆಣೆ ತಳ್ಳುತ್ತೇವೆ. ಬೆಣೆ ಹಾಕದಿದ್ದರೆ ತುಂಬಿದ್ದು ಬುಡದಲ್ಲಿ ಹೊರಕ್ಕೆ ಇಳಿದು, ಒಸಡಿನ ಕೆಳಗೆ ಅಂಚಾಗಿ ಗಟ್ಟಿಯಾಗುತ್ತದೆ. ಮೇಲಿನಿಂದ ನೋಡಿದರೆ ಹಲ್ಲು ಚೆನ್ನಾಗಿಯೇ ಕಾಣುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹುಣಸೂರಿಗೆ ಬಂದೆ. ಒಂದು ಧರ್ಮಸಂಸ್ಥೆಯವರು ಅಲ್ಲಿ ಚಿಕ್ಕದೊಂದು ದಂತ ಚಿಕಿತ್ಸಾಲಯ ನಡೆಸುತ್ತಿದ್ದರು. ಎಚ್.ಡಿ. ಕೋಟೆಯಲ್ಲೂ ಕೆ.ಆರ್. ನಗರದಲ್ಲೂ ಅದಕ್ಕೆ ಒಂದೊಂದು ಕೋಣೆಯ ಶಾಖೆಗಳಿದ್ದವು. ಈಗ ಯಾವುದೂ ಇಲ್ಲ, ಹೆಸರು ಬೇಡ. ನನ್ನ ಮೇಲಿನವರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಹಲ್ಲು ಕೀಳುವುದರಲ್ಲಿ ಅವರಷ್ಟು ನುರಿತ ಕೈ ನಾನು ಮತ್ತೆ ನೋಡಲಿಲ್ಲ. ರೋಗಿ ಬಾಯಿ ಮುಚ್ಚುವುದರೊಳಗೆ ಹಲ್ಲು ಬಟ್ಟಲಲ್ಲಿರುತ್ತಿತ್ತು. ಆದರೆ ಹಲ್ಲು ತುಂಬುವುದು ಪಟ್ಟಣದವರ ಶೋಕಿ ಎಂಬುದು ಅವರ ಅಭಿಪ್ರಾಯ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ, ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ಬಂದವರು ಎರಡನೆಯ ಸಲ ಬರುವುದಿಲ್ಲ, ಇವತ್ತೇ ಮುಗಿಸಿ ಕಳಿಸಿ ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ನಮ್ಮಲ್ಲಿ ಸ್ಕ್ರೂ ತಿರುಗಿಸಿ ಬಿಗಿ ಮಾಡುವ ಹಿಡಿಕೆ ಒಂದಿತ್ತು. ಪಟ್ಟಿಗಳನ್ನು ಕುದಿಸಿ ಕುದಿಸಿ, ಅಂಚು ಹರಿಯುವವರೆಗೂ ಬಳಸುತ್ತಿದ್ದೆವು. ಬೆಣೆ ಇರಲಿಲ್ಲ. ಬಂದ ಹೊಸದರಲ್ಲಿ ಒಂದು ಸಲ ಕೇಳಿದೆ.

"ಸ್ಕ್ರೂ ಬಿಗಿ ಮಾಡಿ, ಸಾಕು" ಎಂದರು ದೊಡ್ಡ ಡಾಕ್ಟರು. "ಹಲ್ಲಿನ ಸಂದೀನ ಯಾರಮ್ಮ ಬಗ್ಗಿ ನೋಡ್ತಾರೆ?"

ಎರಡನೆಯ ಸಲ ನಾನು ಕೇಳಲಿಲ್ಲ. ಕಾಲೇಜಿನಲ್ಲಿ ಬೆಣೆಯಿಲ್ಲದೆ ತುಂಬಿದ್ದರೆ ಮೇಷ್ಟ್ರು ಆ ಹಲ್ಲಿಗೆ ಸಹಿ ಹಾಕುತ್ತಿರಲಿಲ್ಲ. ಇಲ್ಲಿ ಸಹಿ ಹಾಕುವವಳು ನಾನೇ. ಮೊದಲ ವಾರ ಮನಸ್ಸಿಗೆ ಕಸಿವಿಸಿಯಾಯಿತು. ಎರಡು ತಿಂಗಳಿಗೆ ಅದೂ ಹೋಯಿತು.

ಗಾವಡಗೆರೆಯ ನಂಜಾಚಾರಿ ನನ್ನ ಬಳಿಗೆ ಬಂದದ್ದು ಆ ವರ್ಷವೇ. ಬಾಗಿಲು, ಕಿಟಕಿ, ಗಾಡಿಯ ಮೂಕಿ ಮಾಡುವ ಬಡಗಿ. ನಲವತ್ತೈದರ ಆಸುಪಾಸಿನ ವಯಸ್ಸು, ಮಾತು ಕಡಿಮೆ. ಕೆಳಗಿನ ಬಲ ದವಡೆಯ ಹಲ್ಲು ಹಿಂಬದಿಯಲ್ಲಿ ಹುಳುಕಾಗಿತ್ತು. ಕೀಳಬೇಡಿ, ಉಳಿಸಿಕೊಡಿ ಎಂದು ಕೇಳಿದ. ಹಾಗೆ ಕೇಳುವವರೇ ಅಪರೂಪ. ಕೊರೆದು, ಪಟ್ಟಿ ಸುತ್ತಿ, ಬೆಳ್ಳಿಯ ಮಿಶ್ರಣ ತುಂಬಿ ಅರ್ಧ ತಾಸಿನಲ್ಲಿ ಕಳಿಸಿದೆ.

ಮೂರು ವಾರಕ್ಕೆ ಮತ್ತೆ ಬಂದ. ಹೊರಗೆ ಬೆಂಚಿನ ತುಂಬ ಜನ.

"ಡಾಕ್ಟ್ರಮ್ಮ, ಒಳಗಡೀಕೆ ಒಂದು ಅಂಚು ಈಚೆಗೆ ಬಂದದೆ ಕಣ್ರಮ್ಮ. ನಾಲ್ಗೆಗೆ ಸಿಕ್ಕಲ್ಲ. ನೂಲು ಆಕುದ್ರೆ ಮ್ಯಾಲಿಂದ ಸಲೀಸಾಗಿ ಇಳೀತದೆ, ಬುಡಕ್ಕೋಗಿ ತಡೀತದೆ. ಎಳುದ್ರೆ ಅರ್ದೋಯ್ತದೆ."

"ನೂಲು ಯಾಕೆ ಹಾಕಿದ್ರಿ?"

"ಉಂಡಾಗೆಲ್ಲ ಸಿಕ್ಕಾಕತದೆ. ಬಾಗ್ಲಿನ ಅಲ್ಗೆ ಕೂಡಿಸ್ದಾಗ ಒಂದು ಅಲ್ಗೆ ಈಚೆಗೆ ಉಳ್ಕಂಡಂಗದೆ."

ಕನ್ನಡಿ ಇಟ್ಟು ನೋಡಿದೆ. ಮೇಲೆ ಎಲ್ಲ ನುಣ್ಣಗಿತ್ತು. "ಒಸಡು ಊದಿದೆ ಅಷ್ಟೆ. ಚೆನ್ನಾಗಿ ಬ್ರಷ್ ಮಾಡಿ, ಉಪ್ಪುನೀರು ಮುಕ್ಕಳಿಸಿ" ಎಂದು ಕಳಿಸಿದೆ.

ಎರಡು ತಿಂಗಳ ಮೇಲೆ ಬಂದಾಗಲೂ ಅದೇ ಮಾತು ಹೇಳಿದ, ನಾನೂ ಅದನ್ನೇ ಹೇಳಿದೆ. ಮೂರನೆಯ ಸಲ ಬಂದಾಗ ಸಂದಿಯಲ್ಲಿ ರಕ್ತ ಒಸರುತ್ತಿತ್ತು. ದೊಡ್ಡ ಡಾಕ್ಟರು ತಮ್ಮ ಕುರ್ಚಿಯಿಂದಲೇ ಕತ್ತು ಚಾಚಿ, "ಹೊಗೆಸೊಪ್ಪು ಹಾಕ್ತೀಯಾ?" ಎಂದರು.

"ಇಲ್ಲ ಸ್ವಾಮಿ. ಎಲಡ್ಕೆ ಅಷ್ಟೆ."

"ಅದೇ ಮತ್ತೆ" ಎಂದು ಅವರು ತಮ್ಮ ಕೆಲಸಕ್ಕೆ ತಿರುಗಿದರು. ಆಚಾರಿ ನನ್ನ ಮುಖ ನೋಡಿದ. ನಾನು ಮುಂದಿನ ಚೀಟಿ ಕರೆದೆ.

ಈಗ ಎಣಿಸಿದರೆ, ಆ ಮೂರು ಸಲದಲ್ಲಿ ಯಾವುದಾದರೂ ಒಂದು ಸಲ ನಾನೇ ಒಂದು ದಾರ ಹಾಕಿ ಎಳೆದಿದ್ದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ. ಅವನು ಮರದ ಕೆಲಸದವನು, ಅಂಚು ಎಲ್ಲಿ ಉಳಿದಿದೆ ಎಂದು ಬೆರಳಲ್ಲಿ ತಿಳಿಯುವವನು, ನನ್ನ ತಪ್ಪನ್ನು ನನಗಿಂತ ಸ್ಪಷ್ಟವಾಗಿ ವಿವರಿಸಿದ್ದ. ಹಳ್ಳಿಯ ರೋಗಿಗೆ ತನ್ನ ಬಾಯಿಯ ವಿಷಯ ಏನು ಗೊತ್ತು ಎಂಬ ಧೋರಣೆ ನನ್ನಲ್ಲಿತ್ತು. ದಣಿವೂ ಇತ್ತು. ದಣಿವನ್ನು ಕಾರಣ ಎಂದು ಹೇಳುವುದಿಲ್ಲ. ಇತ್ತು, ಅಷ್ಟೆ.

ಎರಡು ವರ್ಷ ಅವನು ಬರಲಿಲ್ಲ. ಬಂದಾಗ ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಹೆಂಡತಿ ಗೌರಮ್ಮ ಕೈಹಿಡಿದು ಕರೆತಂದಿದ್ದಳು. ತುಂಬಿದ ಹಲ್ಲೂ ಅದರ ಹಿಂದಿನ ಹಲ್ಲೂ ಬೆರಳಿಟ್ಟರೆ ಅಲುಗುತ್ತಿದ್ದವು. ಆ ಹೊತ್ತಿಗೆ ಯಾರೋ ದಾನ ಕೊಟ್ಟ ಹಳೆಯ ಎಕ್ಸ್‌ರೇ ಯಂತ್ರ ನಮ್ಮಲ್ಲಿಗೆ ಬಂದಿತ್ತು. ಫಿಲ್ಮ್ ತೊಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಹಲ್ಲಿನ ಹಿಂಬದಿಯ ಬುಡದಲ್ಲಿ ಬೆಳ್ಳಗೆ ಒಂದು ಕೊಕ್ಕೆ ಚಾಚಿಕೊಂಡಿತ್ತು. ಅದರ ಕೆಳಗೆ ಎರಡು ಹಲ್ಲುಗಳ ನಡುವೆ ಇರಬೇಕಾದ ಮೂಳೆ ಇರಲಿಲ್ಲ. ನೀರು ಫಿಲ್ಮಿನಿಂದ ನನ್ನ ಮೊಣಕೈಗೆ ಇಳಿಯುತ್ತಿದ್ದುದು ಈಗಲೂ ನೆನಪಿದೆ.

ಕೀವು ಇಳಿಸಿ, ಔಷಧ ಕೊಟ್ಟು, ನಾಲ್ಕು ದಿನದ ಮೇಲೆ ಕರೆದು ಎರಡೂ ಹಲ್ಲು ತೆಗೆದೆ. ದೊಡ್ಡ ಡಾಕ್ಟರು ಫಿಲ್ಮ್ ನೋಡಿದರು. ಅವರಿಗೂ ತಿಳಿಯಿತು. "ಒಸಡಿನ ರೋಗ ಅಂತ ಬರೀರಿ" ಎಂದರು. ಬರೆದೆ. ಆಚಾರಿಗೂ ಅದನ್ನೇ ಹೇಳಿದೆ. ಅವನು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಬಟ್ಟಲಿನತ್ತ ಕೈತೋರಿಸಿ ಹಲ್ಲುಗಳನ್ನು ಕೇಳಿದ. ತೊಳೆದು ಕೊಟ್ಟೆ. ತುಂಬಿದ ಹಲ್ಲಿನ ಮೇಲೆ ಹೆಬ್ಬೆರಳ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆದ. ಉಗುರು ಒಂದು ಕಡೆ ನಿಂತಿತು. ಮತ್ತೆ ಒಮ್ಮೆ ಎಳೆದ. ಆಮೇಲೆ ಟವಲಿನ ಮೂಲೆಗೆ ಕಟ್ಟಿಕೊಂಡು, ನನ್ನ ಕಡೆ ನೋಡದೆ ಎದ್ದು ಹೋದ.

ಒಂದು ವಾರ ಕೆಲಸ ಮಾಡಿದೆ. ಭಾನುವಾರ ಗಾವಡಗೆರೆ ಬಸ್ಸು ಹತ್ತಿದೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಅವನ ಕೆಲಸದ ಕೊಟ್ಟಿಗೆಯ ಮುಂದೆ ಹೋಗಿ ನಿಂತೆ. ಅವನು ಹೊಂಗೆಯ ನೆರಳಿನಲ್ಲಿ ಬಾಗಿಲಿನ ಚೌಕಟ್ಟು ಕೂಡಿಸುತ್ತಿದ್ದ. ಗೌರಮ್ಮ ಸ್ಟೂಲು ತಂದಿಟ್ಟು ಒಳಗೆ ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

"ಆಚಾರ್ರೇ, ಅದು ಒಸಡಿನ ರೋಗ ಅಲ್ಲ" ಎಂದೆ. "ನಾನು ತುಂಬಿದ್ದು ಸರಿ ಇರಲಿಲ್ಲ. ನೀವು ಹೇಳಿದ್ದೇ ಸರಿ."

ಅವನು ಉಳಿಯನ್ನು ಕೆಳಗಿಟ್ಟ. "ಗೊತ್ತು ಕಣ್ರಮ್ಮ. ಅಲ್ಲು ನೋಡುದ್ರೇ ಗೊತ್ತಾಯ್ತದಲ್ಲ. ಅದ್ಯಾಕಂಗಾಯ್ತು, ಅದ ಯೋಳಿ."

ಪಟ್ಟಿ ಸುತ್ತುವುದು, ಸ್ಕ್ರೂ ಬಿಗಿಯುವುದು, ತುಂಬುವುದು, ಎಲ್ಲ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿದ.

"ಬುಡುಕ್ಕೆ ಬೆಣೆ ಒಡೀದೆ ಪಟ್ಟಿ ಎಂಗೆ ಕೂತ್ಕತದೆ?"

"ಕೂರಲ್ಲ."

"ಮತ್ತೆ ನೀವು ಒಡೀನಿಲ್ವಾ?"

"ಇಲ್ಲ."

"ಒಡೀಬೇಕು ಅಂತ ಗೊತ್ತಿರ್ನಿಲ್ವಾ?"

"ಗೊತ್ತಿತ್ತು" ಎಂದೆ.

ಅವನು ಚೌಕಟ್ಟಿನ ಕೂಡಿಕೆಯ ಮೇಲೆ ಬೆರಳಾಡಿಸಿದ. ಮಾತಾಡಿದವಳು ಗೌರಮ್ಮ. "ಮೂರ್ ಕಿತ ಬಂದು ಯೋಳುದ್ರಲ್ಲವ್ವ ಇವ್ರು. ಉಜ್ಜು ಉಜ್ಜು ಅಂದು ಕಳುಸ್ಬುಟ್ರಿ. ಒಸಡು ಕಿತ್ತೋಗಂಗೆ ಉಜ್ಜುದ್ರು."

"ಬುಡು" ಎಂದ ಅವನು. ಆಮೇಲೆ ನನ್ನನ್ನು ಕೇಳಿದ. "ಇನ್ನೆಷ್ಟು ಜನಕ್ಕೆ ಇಂಗೇ ತುಂಬಿದ್ದೀರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೊತ್ತಿಲ್ಲ ಎಂದೆ. "ಬುಕ್ಕಲ್ಲಿ ಬರ್ದಿರ್ತೀರಲ್ಲ" ಎಂದ. ಅಷ್ಟೇ. ನಾನು ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ಅವನು ಕ್ಷಮಿಸಿದೆ ಎಂದು ಹೇಳಲಿಲ್ಲ, ಅದು ಮಾತ್ರ ನೆನಪಿದೆ.

ಸೋಮವಾರ ರಿಜಿಸ್ಟರ್ ತೆಗೆದು ನೋಡಿದೆ. ಎರಡೂಮುಕ್ಕಾಲು ವರ್ಷದಲ್ಲಿ ಸಂದಿ ತುಂಬಿಸಿಕೊಂಡವರ ಹೆಸರುಗಳನ್ನು ಬೇರೆ ಹಾಳೆಗೆ ಇಳಿಸಿದೆ. ಎಲ್ಲರಿಗೂ ಕಾಗದ ಬರೆದು ಕರೆಸುತ್ತೇನೆ ಎಂದಾಗ ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾವು ತಪ್ಪು ಮಾಡಿದ್ದೀವಿ ಬನ್ನಿ ಅಂತ ಬರೆದರೆ ನಾಳೆಯಿಂದ ಯಾರು ಬರ್ತಾರೆ? ಹಲ್ಲು ನೋವು ಬಂದವನು ಮತ್ತೆ ಮಂತ್ರ ಹಾಕುವವನ ಹತ್ತಿರ ಹೋಗ್ತಾನೆ. ಅದು ಒಳ್ಳೇದಾ?"

ಅವರ ಮಾತಿನಲ್ಲಿ ಸತ್ಯವಿರಲಿಲ್ಲ ಎಂದು ನಾನು ಹೇಳಲಾರೆ. ಮೂವತ್ತು ವರ್ಷ ಆ ಊರಿನ ಜನರ ನೋವು ತೆಗೆದವರು ಅವರು. ಆದರೂ ಕಾರ್ಡು ಬರೆದೆ. ಹಲ್ಲು ತೋರಿಸಿ ಹೋಗಿ ಎಂದಷ್ಟೇ ಬರೆದೆ, ತಪ್ಪಾಗಿದೆ ಎಂದು ಬರೆಯುವ ಧೈರ್ಯ ನನಗೂ ಇರಲಿಲ್ಲ. ಬಂದವರು ಕಾಲುಭಾಗವೂ ಇಲ್ಲ. ಕೆಲವು ಕಾರ್ಡು ವಿಳಾಸ ಸಿಗದೆ ಹಿಂದಕ್ಕೆ ಬಂದವು. ಬಂದವರಲ್ಲಿ ಕೆಲವರ ಸಂದಿ ಚೆನ್ನಾಗಿಯೇ ಇತ್ತು, ಅದೃಷ್ಟ. ಉಳಿದವರಿಗೆ ಅಂಚನ್ನು ತೆಳು ಅರದಿಂದ ತೇದೆ, ಇಲ್ಲವೇ ಪೂರ್ತಿ ತೆಗೆದು, ಮೈಸೂರಿನ ಗೆಳತಿಯೊಬ್ಬಳಿಂದ ತರಿಸಿದ ಬೆಣೆ ಹಾಕಿ ಮತ್ತೆ ತುಂಬಿದೆ. ಬಿಳಿಕೆರೆ ಕಡೆಯವನೊಬ್ಬ ಯಾಕೆ ಮತ್ತೆ ಕೊರೆಯುತ್ತೀರಿ ಎಂದು ಕೇಳಿದ. ಕಾರಣ ಹೇಳಿದೆ. ಅವನು ಕುರ್ಚಿಯಿಂದ ಇಳಿದು ಹೊರಟೇಹೋದ. ಬೆಂಚಿನ ಮೇಲಿದ್ದವರಲ್ಲಿ ಇಬ್ಬರು ಅವನ ಹಿಂದೆ ಹೋದರು.

ಆರು ತಿಂಗಳೊಳಗೆ ನನ್ನನ್ನು ಕೋಟೆಯ ಶಾಖೆಗೆ ಹಾಕಿದರು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ.

ಕೋಟೆಯಲ್ಲಿ ಕರೆಂಟು ಇದ್ದಾಗ ನೀರಿಲ್ಲ, ನೀರಿದ್ದಾಗ ಕರೆಂಟಿಲ್ಲ. ಅಲ್ಲಿನ ಸಹಾಯಕಿ ನಿಂಗಮ್ಮ, ನನಗಿಂತ ಹತ್ತು ವರ್ಷಕ್ಕೆ ಹಿರಿಯಳು, ಬ್ಯಾಟರಿ ಹಿಡಿದು ನಿಂತರೆ ಕೈ ಅಲುಗುತ್ತಿರಲಿಲ್ಲ. ಅಲ್ಲಿ ನಾನು ಬೆಣೆಯಿಲ್ಲದೆ ಒಂದು ಹಲ್ಲನ್ನೂ ತುಂಬಲಿಲ್ಲ. ಹಾಗೆಂದು ತಪ್ಪು ನಿಲ್ಲಲಿಲ್ಲ, ಬೇರೆ ತಪ್ಪು ಮಾಡಿದೆ. ವಯನಾಡಿನಿಂದ ಬಂದು ಶುಂಠಿ ಬೆಳೆಯುತ್ತಿದ್ದ ಒಬ್ಬರಿಗೆ ಮೇಲಿನ ಹಲ್ಲು ತುಂಬುತ್ತಿದ್ದಾಗ ಬೆಣೆ ಇಕ್ಕಳದಿಂದ ಜಾರಿತು. ಅವರು ಗಂಟಲು ಹಿಡಿದುಕೊಂಡು ಎದ್ದು ಕೂತರು.

"ಡಾಕ್ಟರೇ, ಎಂತದೋ ಒಳಗೆ ಪೋಯಿ."

"ಬಾಯಿ ತೆಗೀರಿ, ನೋಡೋಣ."

"ತೆಗೆದು ಎಂತ ಮಾಡುದು? ಅದು ಪೋಯಿ."

ಕೆಮ್ಮಲಿಲ್ಲ, ಉಸಿರು ಸರಾಗವಾಗಿತ್ತು, ಹೊಟ್ಟೆಗೆ ಹೋಗಿತ್ತು. ಆದರೂ ಎದೆಯ ಚಿತ್ರ ತೆಗೆಸಲು ಮೈಸೂರಿಗೆ ಅವರ ಜೊತೆ ನಾನೇ ಜೀಪಿನಲ್ಲಿ ಹೋದೆ. ಮರ ಚಿತ್ರದಲ್ಲಿ ಕಾಣುವುದಿಲ್ಲ ಎಂದು ಗೊತ್ತಿದ್ದೂ ಹೋದೆ. ಶ್ವಾಸಕೋಶ ಸರಿಯಾಗಿದೆ ಎಂದು ಅಲ್ಲಿನ ಡಾಕ್ಟರು ಹೇಳಿದ ಮೇಲೆ ಅವರು ದಾರಿಯುದ್ದಕ್ಕೂ ಮಲಗಿ ಬಂದರು. ಅಂದಿನಿಂದ ಬೆಣೆಗೆ ದಾರ ಕಟ್ಟದೆ ಬಾಯೊಳಗೆ ಇಟ್ಟವಳಲ್ಲ. ನಿಂಗಮ್ಮನೇ ಕಟ್ಟಿ ಸಾಲಾಗಿ ಇಡುತ್ತಿದ್ದಳು.

ಎರಡು ಸಾವಿರದ ಆಚೆ ಈಚೆ ನನ್ನನ್ನು ಕೆ.ಆರ್. ನಗರಕ್ಕೆ ಹಾಕಿದರು. ಅಷ್ಟರಲ್ಲಿ ಹಲ್ಲಿನ ಬಣ್ಣದ ಬಿಳಿಯ ಭರ್ತಿ ಬಂದಿತ್ತು, ಬೆಳ್ಳಿ ಯಾರಿಗೂ ಬೇಡವಾಗಿತ್ತು. ಅಲ್ಲಿನ ಒಬ್ಬ ಗಣಿತದ ಟೀಚರಿಗೆ ನಾನು ಒಂದೇ ಹಲ್ಲನ್ನು ಮೂರು ಸಲ ತುಂಬಿದೆ. ಬೆಣೆ ಹಾಕಿದ್ದೆ, ಅಂಚಿರಲಿಲ್ಲ, ಆದರೂ ಸಂದಿಯಲ್ಲಿ ಅವರೆಕಾಳಿನ ಸಿಪ್ಪೆ ಸಿಕ್ಕಿಕೊಳ್ಳುತ್ತಿತ್ತು.

"ಮೇಡಂ, ಪ್ರತಿ ಸಲ ಒಂದೇ ಥರ ಮಾಡಿದರೆ ಉತ್ತರ ಬೇರೆ ಹೇಗೆ ಬರುತ್ತೆ?" ಎಂದು ಅವರು ಮೃದುವಾಗಿಯೇ ಕೇಳಿದರು.

ಅವರ ಮಾತು ಸರಿಯಾಗಿತ್ತು. ಬೆಳ್ಳಿಯನ್ನು ಒತ್ತಿ ತುಂಬಿದರೆ ಅದು ಪಟ್ಟಿಯನ್ನೂ ಪಕ್ಕದ ಹಲ್ಲಿನ ಕಡೆಗೆ ಒತ್ತುತ್ತದೆ. ಬಿಳಿಯದು ಬೆಣ್ಣೆಯ ಹಾಗೆ, ಒತ್ತಿದಷ್ಟೂ ಜಾರುತ್ತದೆ. ಹಳೆಯ ಸುತ್ತುಪಟ್ಟಿಯನ್ನು ಬಿಗಿ ಮಾಡಿದರೆ ಚಪ್ಪಟೆ ಗೋಡೆ ಏಳುತ್ತದೆ, ಪಕ್ಕದ ಹಲ್ಲಿಗೆ ತಾಗುವುದೇ ಇಲ್ಲ. ಮೈಸೂರಿನಲ್ಲಿ ನಡೆದ ಒಂದು ದಿನದ ತರಬೇತಿಗೆ ಹೋದೆ. ಕಲಿಸುವವನಿಗೆ ಮೂವತ್ತೂ ಆಗಿರಲಿಲ್ಲ, ನನಗೆ ನಲವತ್ತು ದಾಟಿತ್ತು. ಹಲ್ಲಿನ ಹೊಟ್ಟೆಯಂತೆ ಮೊದಲೇ ಬಾಗಿಸಿದ ತುಂಡುಪಟ್ಟಿ, ಅದನ್ನು ಹಿಡಿದು ಹಲ್ಲುಗಳನ್ನು ಅಗಲಿಸುವ ಉಂಗುರದಂಥ ಸ್ಪ್ರಿಂಗು. ನಾನು ಹಾಕಿದ ಮೊದಲ ಉಂಗುರ ಪ್ಲಾಸ್ಟಿಕ್ ಹಲ್ಲಿನಿಂದ ಹಾರಿ ಮುಂದಿನ ಸಾಲಿನವರ ಚಹಾದ ಲೋಟಕ್ಕೆ ಬಿತ್ತು. ಯಾರೂ ನಗಲಿಲ್ಲ, ವಯಸ್ಸಿಗೆ ಕೊಟ್ಟ ಮರ್ಯಾದೆ. ನಕ್ಕಿದ್ದರೆ ಹಗುರವಾಗುತ್ತಿತ್ತು. ವಾಪಸು ಬಂದು ಟೀಚರಿಗೆ ನಾಲ್ಕನೆಯ ಸಲ ತುಂಬಿದೆ. ಸಿಪ್ಪೆ ಸಿಕ್ಕುವುದು ನಿಂತಿತು.

ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಇಷ್ಟೇ. ಒಂದು ಕಡೆಯ ಗೋಡೆ ಹೋಗಿದ್ದು, ಪಕ್ಕದಲ್ಲಿ ಹಲ್ಲಿದ್ದು, ಬಿಳಿಯದನ್ನು ತುಂಬುವುದಾದರೆ ಬಾಗಿದ ತುಂಡುಪಟ್ಟಿ, ಉಂಗುರ. ಎರಡೂ ಕಡೆ ಒಡೆದು ಮೂಲೆ ಉದುರಿದ ಹಲ್ಲಿಗೆ, ಒಸಡಿನ ಕೆಳಗೆ ಇಳಿದ ಹುಳುಕಿಗೆ ಹಳೆಯ ಸುತ್ತುಪಟ್ಟಿಯೇ ವಾಸಿ, ಉಂಗುರ ಅಲ್ಲಿ ನಿಲ್ಲುವುದಿಲ್ಲ. ಸುತ್ತುಪಟ್ಟಿ ಹಾಕಿದರೆ ಒಳಗಿನಿಂದ ಅದನ್ನು ಪಕ್ಕದ ಹಲ್ಲಿಗೆ ತಾಗುವಂತೆ ಉಜ್ಜಿ, ಸ್ಕ್ರೂವನ್ನು ಕಾಲುಸುತ್ತು ಸಡಿಲಿಸಿ ತುಂಬು. ತೆಗೆಯುವಾಗ ಮೇಲಕ್ಕೆ ಎಳೆಯಬೇಡ, ಪಕ್ಕಕ್ಕೆ ಜಾರಿಸು. ಯಾವುದನ್ನು ಹಾಕಿದರೂ ಬೆಣೆ ಬಿಡಬೇಡ. ದಾರ ಎಳೆದು ನೋಡದೆ ರೋಗಿಯನ್ನು ಎಬ್ಬಿಸಬೇಡ. ದಾರ ಹರಿದರೆ ಬ್ರಷ್ ಮಾಡಿ ಎಂದು ಹೇಳಬೇಡ.

ಕೆ.ಆರ್. ನಗರದಲ್ಲಿದ್ದಾಗಲೇ ಒಂದು ಬೆಳಗ್ಗೆ ಗೌರಮ್ಮ ಬಂದಳು. ಗಾವಡಗೆರೆಯಿಂದ ಹುಣಸೂರೇ ಹತ್ತಿರ, ಆದರೂ ಇಲ್ಲಿಗೆ ಬಂದಿದ್ದಳು. ಗಂಡ ಹೊರಗೆ ಗೇಟಿನ ಬಳಿ ನಿಂತಿದ್ದಾನೆ, ಒಳಗೆ ಬರುವುದಿಲ್ಲವಂತೆ ಎಂದಳು. ಅವಳಿಗೂ ದವಡೆಯ ಸಂದಿಯೇ ಹುಳುಕು.

"ಇವ್ರೇ ಕಳುಸುದ್ರು" ಎಂದಳು. "ಈಗ ಬೆಣೆ ಒಡೀತಾರೆ, ಅಲ್ಲಿಗೇ ಓಗು ಅಂದ್ರು."

ಒಂದು ಲೋಟ ನೀರು ಕುಡಿದು ಬಂದು ಕೂತೆ. ಒಂದು ತಾಸು ಹಿಡಿಯಿತು. ಮುಗಿದ ಮೇಲೆ ಹೊರಗೆ ಹೋಗಿ ಅವನನ್ನು ಕರೆದೆ. ಒಳಗೆ ಬಂದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕೊಟ್ಟ ದಾರವನ್ನು ಹೆಂಡತಿಯ ಹಲ್ಲಿನ ಸಂದಿಗೆ ಇಳಿಸಿ, ಮೆಲ್ಲಗೆ ಮೇಲೆ ಎಳೆದ. ಟಪ್ಪೆಂದು ಸದ್ದಾಗಿ ದಾರ ಇಡಿಯಾಗಿ ಬಂತು. ಅದನ್ನು ಬೆಳಕಿಗೆ ಹಿಡಿದು ಎಳೆ ಬಿಟ್ಟಿದೆಯೇ ನೋಡಿದ.

"ಸರ್ಯಾಗದೆ" ಎಂದ. ಅವನ ಬಲ ಕೆನ್ನೆ ಒಳಕ್ಕೆ ಇಳಿದಿತ್ತು. ನಿಮಗೂ ಹಲ್ಲು ಕಟ್ಟಿಸಿಕೊಡುತ್ತೇನೆ ಎಂದೆ. "ಬ್ಯಾಡಿ, ರೂಡಿ ಆಗದೆ" ಎಂದು ಹೆಂಡತಿಯನ್ನು ಕರೆದುಕೊಂಡು ಬಸ್ಸಿಗೆ ಹೋದ. ಆಮೇಲೆ ನಾನವನನ್ನು ನೋಡಲಿಲ್ಲ.

ಕೆಲಸದ ಕೊನೆಯ ದಿನ ಹಾರ, ಭಾಷಣ ಬೇಡ ಎಂದು ಮೊದಲೇ ಹೇಳಿದ್ದೆ. ಅಂದು ಕೊನೆಗೆ ಉಳಿದವಳು ಚುಂಚನಕಟ್ಟೆ ಕಡೆಯ ನಾಟಿ ಕೆಲಸದ ಹೆಂಗಸು. ಮೇಲಿನ ಕೊನೆಯ ಹಲ್ಲು, ಕನ್ನಡಿಯಲ್ಲಿ ತಲೆಕೆಳಗಾಗಿ ನೋಡುತ್ತ ಮಾಡಬೇಕು. ನನ್ನ ಕುತ್ತಿಗೆ ಆಗಲೇ ಮಾತು ಕೇಳುತ್ತಿರಲಿಲ್ಲ. ಪಟ್ಟಿ ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು. ಅವಳು ಬಸ್ಸಿನ ಹೊತ್ತಾಯಿತೆಂದು ಕಣ್ಣಲ್ಲೇ ಗಡಿಯಾರ ನೋಡುತ್ತಿದ್ದಳು. ಮುಗಿಸಿ, ದಾರ ಎಳೆದು ನೋಡಿ, ಏಳಿ ಎಂದೆ.

ಅವಳು ನಾಲಗೆಯಿಂದ ಅಲ್ಲೆಲ್ಲ ತಡವಿದಳು. ಹಲ್ಲು ಕಚ್ಚಿ ನೋಡಿದಳು. ಮತ್ತೆ ತಡವಿದಳು. ಮುಖದಲ್ಲಿ ಸಮಾಧಾನವಿರಲಿಲ್ಲ.

"ಏನಮ್ಮ, ಚುಚ್ಚುತ್ತಾ?"

"ಇಲ್ಲ ಕಣವ್ವ. ಇಷ್ಟೊತ್ತು ಕೂರುಸ್ಕಂಡು ಏನೂ ಮಾಡೇ ಇಲ್ವೇನೋ ಅನ್ನಂಗದೆ."

ಸೆರಗಿನಿಂದ ಬಾಯಿ ಒರೆಸಿಕೊಂಡು, ಚೀಲ ಎತ್ತಿಕೊಂಡು ಅವಳು ಬಸ್ಸಿಗೆ ಓಡಿದಳು. ನಾನು ಕೈ ತೊಳೆದು, ದೀಪ ಆರಿಸಿ, ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತೆ.